ಗಾಳಿಯಿಲ್ಲದ ಕಡೆ ರಾಕೆಟ್ ಹಾರುತ್ತದೆಯೇ? ನಕ್ಕವರಿಗೆ ಪ್ರಯೋಗದಿಂದಲೇ ಉತ್ತರ ಕೊಟ್ಟ ರಾಬರ್ಟ್ ಗೊಡಾರ್ಡ್

ಬಾಹ್ಯಾಕಾಶದಲ್ಲಿ ಗಾಳಿಯೇ ಇಲ್ಲ, ಹಾಗಾದರೆ ರಾಕೆಟ್ ಯಾವುದನ್ನು ಒತ್ತಿಕೊಂಡು ಮುಂದೆ ಹೋಗುತ್ತದೆ? ಚಂದ್ರನ ಮೇಲೆ ಹೋದದ್ದೆಲ್ಲ ಸುಳ್ಳು! ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಈ ವಾದ ಹೊಸದೇನಲ್ಲ. ನೂರು ವರ್ಷಗಳ ಹಿಂದೆಯೇ ಅಮೆರಿಕದ ಒಬ್ಬ ಭೌತಶಾಸ್ತ್ರ ಪ್ರಾಧ್ಯಾಪಕರನ್ನು ಇದೇ ಮಾತು ಹೇಳಿ ಗೇಲಿ ಮಾಡಿದ್ದರು. ಅವರೇ ರಾಬರ್ಟ್ ಗೊಡಾರ್ಡ್.

ಮರ ಹತ್ತಿದಾಗ ಹುಟ್ಟಿದ ಕನಸು

ಗೊಡಾರ್ಡ್ ಹುಟ್ಟಿದ್ದು 1882ರ ಅಕ್ಟೋಬರ್ 5ರಂದು, ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿನಲ್ಲಿ. ಚಿಕ್ಕಂದಿನಿಂದಲೂ ಆರೋಗ್ಯ ಅಷ್ಟಕ್ಕಷ್ಟೆ. 1899ರ ಅಕ್ಟೋಬರ್ 19ರಂದು ಒಣ ಕೊಂಬೆ ಕಡಿಯಲು ಚೆರ್ರಿ ಮರ ಹತ್ತಿದ 17ರ ಹುಡುಗನಿಗೆ, ಮಂಗಳ ಗ್ರಹದವರೆಗೆ ಹೋಗುವ ಯಂತ್ರವೊಂದನ್ನು ಮಾಡಿದರೆ ಹೇಗಿರುತ್ತದೆ ಎಂಬ ಯೋಚನೆ ಬಂತು. ಆ ದಿನವನ್ನು ಅವರು ಜೀವನಪೂರ್ತಿ ನೆನಪಿಟ್ಟುಕೊಂಡರು.

1913ರಲ್ಲಿ ಅವರಿಗೆ ಕ್ಷಯರೋಗ ಅಂಟಿತು. ಬದುಕುವುದು ಕಷ್ಟ ಎಂದು ವೈದ್ಯರು ಕೈಚೆಲ್ಲಿದ್ದರು. ಗೊಡಾರ್ಡ್ ಚೇತರಿಸಿಕೊಂಡದ್ದಷ್ಟೇ ಅಲ್ಲ, 1914ರಲ್ಲಿ ಎರಡು ಪೇಟೆಂಟ್‌ಗಳನ್ನೂ ಪಡೆದರು. ಒಂದು ಹಲವು ಹಂತಗಳ ರಾಕೆಟ್‌ಗೆ, ಇನ್ನೊಂದು ದ್ರವ ಇಂಧನದ ರಾಕೆಟ್‌ಗೆ. ಇಂದು ಉಪಗ್ರಹ ಹೊತ್ತೊಯ್ಯುವ ದೊಡ್ಡ ರಾಕೆಟ್‌ಗಳಲ್ಲಿ ಈ ಎರಡೂ ವಿಚಾರಗಳಿವೆ.

ನಿರ್ವಾತದಲ್ಲಿ ಪರೀಕ್ಷೆ

ಗಾಳಿಯನ್ನು ಒತ್ತುವುದರಿಂದ ರಾಕೆಟ್ ಮೇಲೇರುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೀವು ತೆಪ್ಪದಲ್ಲಿ ನಿಂತು ಭಾರದ ಮೂಟೆಯೊಂದನ್ನು ಜೋರಾಗಿ ಮುಂದಕ್ಕೆ ಎಸೆದರೆ ತೆಪ್ಪ ಹಿಂದಕ್ಕೆ ಸರಿಯುತ್ತದೆ. ಮೂಟೆ ಗಾಳಿಗೆ ತಾಗಿದ್ದಕ್ಕಲ್ಲ, ನೀವು ಅದನ್ನು ದೂಡಿದ್ದಕ್ಕೆ. ರಾಕೆಟ್ ಕೂಡ ಹೀಗೆಯೇ. ಬಿಸಿ ಅನಿಲವನ್ನು ಕೆಳಗೆ ದೂಡುತ್ತದೆ, ತಾನು ಮೇಲೆ ಹೋಗುತ್ತದೆ.

ಗೊಡಾರ್ಡ್ ಇದನ್ನು ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಲಿಲ್ಲ. 1915ರ ಹೊತ್ತಿಗೆ ಕ್ಲಾರ್ಕ್ ವಿಶ್ವವಿದ್ಯಾಲಯದಲ್ಲಿ ಗಾಳಿ ಹೊರತೆಗೆದ ಕೊಳವೆಯೊಳಗೆ ರಾಕೆಟ್ ಉರಿಸಿ ಅಳೆದರು. ನೂಕುಬಲ ಕಡಿಮೆಯಾಗಲಿಲ್ಲ, ಹೆಚ್ಚಾಯಿತು.

ಆದರೂ 1920ರ ಜನವರಿಯಲ್ಲಿ, ಚಂದ್ರನವರೆಗೆ ರಾಕೆಟ್ ಕಳಿಸಬಹುದು ಎಂಬ ಅವರ ಲೆಕ್ಕಾಚಾರ ಸುದ್ದಿಯಾದಾಗ, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಪಾದಕೀಯ ಅವರನ್ನು ಹಂಗಿಸಿತು. ಶಾಲಾ ಮಕ್ಕಳಿಗೆ ಗೊತ್ತಿರುವ ವಿಜ್ಞಾನವೂ ಈ ಪ್ರಾಧ್ಯಾಪಕರಿಗೆ ಗೊತ್ತಿಲ್ಲ ಎಂಬುದು ಅದರ ತಾತ್ಪರ್ಯ. ಆಮೇಲೆ ಗೊಡಾರ್ಡ್ ಪ್ರಚಾರದಿಂದ ದೂರವೇ ಉಳಿದರು.

ಎರಡೂವರೆ ಸೆಕೆಂಡಿನ ಹಾರಾಟ

1926ರ ಮಾರ್ಚ್ 16ರಂದು ಆಬರ್ನ್ ಊರಿನ ಹೊಲವೊಂದರಲ್ಲಿ ಪೆಟ್ರೋಲ್ ಮತ್ತು ದ್ರವ ಆಮ್ಲಜನಕದಿಂದ ಉರಿಯುವ ರಾಕೆಟ್ ಮೇಲೆದ್ದಿತು. ಹಾರಿದ್ದು ಬರೀ ಎರಡೂವರೆ ಸೆಕೆಂಡು, ಏರಿದ್ದು 41 ಅಡಿ. ಆದರೆ ಜಗತ್ತಿನ ಮೊದಲ ದ್ರವ ಇಂಧನದ ರಾಕೆಟ್ ಅದು. ಪತ್ನಿ ಎಸ್ತರ್ ಈ ಪ್ರಯೋಗಗಳ ಚಿತ್ರ ತೆಗೆದು ದಾಖಲೆ ಇಡುತ್ತಿದ್ದರು.

ಮುಂದಿನ ಪ್ರಶ್ನೆ ಇನ್ನೂ ಕಠಿಣ. ರಾಕೆಟ್ ಎಷ್ಟು ಎತ್ತರ ಹೋಯಿತು ಎಂದು ಹೇಳುವವರು ಯಾರು? 1929ರ ಜುಲೈ 17ರಂದು ಗೊಡಾರ್ಡ್ ರಾಕೆಟ್‌ನಲ್ಲಿ ಒಂದು ಬ್ಯಾರೋಮೀಟರ್, ಒಂದು ಥರ್ಮಾಮೀಟರ್ ಮತ್ತು ಅವುಗಳ ಮುಳ್ಳು ಎಲ್ಲಿ ನಿಂತಿದೆ ಎಂದು ಚಿತ್ರ ತೆಗೆಯಲು ಒಂದು ಕ್ಯಾಮೆರಾ ಇಟ್ಟರು. ವೈಜ್ಞಾನಿಕ ಉಪಕರಣ ಹೊತ್ತ ಮೊದಲ ದ್ರವ ಇಂಧನದ ರಾಕೆಟ್ ಇದು. ಅದು ಏರಿದ್ದು ಸುಮಾರು 90 ಅಡಿ ಮಾತ್ರ. ಆದರೆ ಸದ್ದು ಕೇಳಿದ ಜನ ವಿಮಾನ ಬಿತ್ತೆಂದು ಗಾಬರಿಯಾದರು. ಕೊನೆಗೆ ಅಗ್ನಿಸುರಕ್ಷತೆಯ ಅಧಿಕಾರಿಗಳು ಆ ರಾಜ್ಯದಲ್ಲಿ ರಾಕೆಟ್ ಹಾರಿಸದಂತೆ ತಡೆದರು.

ಆ ಪೆಟ್ಟಿಗೆ ಇಂದು ಎಲ್ಲಿದೆ?

ಇಂದು ಹವ್ಯಾಸಿಗಳು ಕಟ್ಟುವ ದೊಡ್ಡ ಮಾದರಿ ರಾಕೆಟ್‌ಗಳಲ್ಲಿ ಅದೇ ಕೆಲಸವನ್ನು ಎಲೆಕ್ಟ್ರಾನಿಕ್ಸ್ ಬೇ ಎಂಬ ಪುಟ್ಟ ಕೋಣೆ ಮಾಡುತ್ತದೆ. ರಾಕೆಟ್‌ನ ಎರಡು ಕೊಳವೆಗಳು ಕೂಡುವ ಜಾಗದಲ್ಲಿ ಇದು ಕೂರುತ್ತದೆ. ಒಳಗೊಂದು ತೆಳು ಹಲಗೆ. ಜಾಗ ಉಳಿಸಲು ಅದರ ಒಂದು ಬದಿಗೆ ಎತ್ತರ ಅಳೆಯುವ ಆಲ್ಟಿಮೀಟರ್, ಇನ್ನೊಂದು ಬದಿಗೆ ಬ್ಯಾಟರಿ. ಮೇಲೇಳುವಾಗಿನ ಜಗ್ಗಾಟಕ್ಕೆ ಬ್ಯಾಟರಿ ಕಳಚಿಬಿಟ್ಟರೆ ಎಲ್ಲವೂ ಮುಗಿಯಿತು. ಅದಕ್ಕೇ ಅದನ್ನು ಬಿಗಿಯಾಗಿ ಕಟ್ಟುತ್ತಾರೆ.

ಎತ್ತರ ತಿಳಿಯುವ ಉಪಾಯ ಗೊಡಾರ್ಡ್ ಕಾಲದ್ದೇ. ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಸಮುದ್ರಮಟ್ಟದ ಬಳಿ ಸುಮಾರು 8 ಮೀಟರ್ ಏರಿದರೆ 1 ಹೆಕ್ಟೋಪ್ಯಾಸ್ಕಲ್‌ನಷ್ಟು ಕಡಿಮೆ. ಹಲವು ಸ್ಮಾರ್ಟ್‌ಫೋನ್‌ಗಳಲ್ಲೂ ಇಂಥದೇ ಸಂವೇದಕವಿದೆ. ಹೊರಗಿನ ಒತ್ತಡ ಒಳಗೂ ತಿಳಿಯಬೇಕಾದ್ದರಿಂದ ಕೋಣೆಯ ಗೋಡೆಗೆ ಸಣ್ಣ ರಂಧ್ರಗಳನ್ನು ಸಮ ಅಂತರದಲ್ಲಿ ಕೊರೆಯುತ್ತಾರೆ.

ಒತ್ತಡ ಇಳಿಯುವುದು ನಿಂತರೆ ರಾಕೆಟ್ ತುದಿ ಮುಟ್ಟಿದೆ ಎಂದರ್ಥ. ಆಗ ಆಲ್ಟಿಮೀಟರ್ ಪುಟ್ಟ ಮದ್ದಿಗೆ ಕಿಡಿ ಕೊಟ್ಟು ಸಣ್ಣ ಪ್ಯಾರಾಚೂಟನ್ನು ಹೊರದೂಡುತ್ತದೆ. ನೆಲ ಹತ್ತಿರವಾದಾಗ ದೊಡ್ಡದು ಬಿಚ್ಚಿಕೊಳ್ಳುತ್ತದೆ. ದೊಡ್ಡದನ್ನು ಮೇಲೆಯೇ ಬಿಚ್ಚಿದರೆ ರಾಕೆಟ್ ಗಾಳಿಗೆ ತೇಲಿ ಬಹುದೂರ ಹೋಗಿಬಿಡುತ್ತದೆ. ಆ ಮದ್ದಿನ ಅನಿಲ ಒಳಗೆ ನುಗ್ಗಿದರೆ ಒತ್ತಡದ ಲೆಕ್ಕ ತಪ್ಪುತ್ತದೆ. ಆದ್ದರಿಂದ ಕೋಣೆಯ ಎರಡೂ ತುದಿಗೆ ಭದ್ರವಾದ ಮುಚ್ಚಳ ಬೇಕು. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು, ಬೇರೆ ಬ್ಯಾಟರಿಯೊಂದಿಗೆ ಎರಡನೇ ಆಲ್ಟಿಮೀಟರ್ ಇಡುವವರೂ ಉಂಟು. ಪ್ಯಾರಾಚೂಟ್ ಬಿಚ್ಚದ ರಾಕೆಟ್ ನೆಲಕ್ಕೆ ಬರುವುದು ಈಟಿಯಂತೆ. ಕೆಳಗೆ ಜನರಿರುತ್ತಾರೆ.

ಮರುಭೂಮಿಯಿಂದ ಚಂದ್ರನವರೆಗೆ

1929ರ ಗದ್ದಲದ ಸುದ್ದಿಯಿಂದ ಒಂದು ಒಳ್ಳೆಯದೂ ಆಯಿತು. ವಿಮಾನ ಸಾಹಸಿ ಚಾರ್ಲ್ಸ್ ಲಿಂಡ್‌ಬರ್ಗ್ ಗೊಡಾರ್ಡ್ ಅವರನ್ನು ಹುಡುಕಿಕೊಂಡು ಬಂದರು. ಅವರ ಪ್ರಯತ್ನದಿಂದ ಗುಗ್ಗನ್‌ಹೈಮ್ ಕುಟುಂಬದ ಹಣ ಸಿಕ್ಕಿತು. 1930ರಲ್ಲಿ ಗೊಡಾರ್ಡ್ ನ್ಯೂ ಮೆಕ್ಸಿಕೋದ ರಾಸ್ವೆಲ್‌ಗೆ ಹೋದರು. ಅಲ್ಲಿ ರಾಕೆಟ್ ದಾರಿ ತಪ್ಪದಂತೆ ಗೈರೋಸ್ಕೋಪ್ ಅಳವಡಿಸಿದರು. 1935ರ ಮಾರ್ಚ್ 28ರಂದು ಅಂಥದೊಂದು ರಾಕೆಟ್ 4,800 ಅಡಿ ಏರಿತು.

1945ರ ಆಗಸ್ಟ್ 10ರಂದು ಗಂಟಲಿನ ಕ್ಯಾನ್ಸರ್‌ನಿಂದ ಗೊಡಾರ್ಡ್ ತೀರಿಕೊಂಡರು. ಉಳಿದ ಟಿಪ್ಪಣಿಗಳನ್ನು ಎಸ್ತರ್ ಜೋಡಿಸಿದರು. ಕೊನೆಗೆ ಒಟ್ಟು 214 ಪೇಟೆಂಟ್‌ಗಳು ಅವರ ಹೆಸರಿಗೆ ಬಂದವು. ಅವನ್ನು ಬಳಸಿದ್ದಕ್ಕೆ ಅಮೆರಿಕ ಸರ್ಕಾರ 1960ರಲ್ಲಿ 10 ಲಕ್ಷ ಡಾಲರ್ ಕೊಟ್ಟಿತು. 1959ರಲ್ಲೇ ನಾಸಾ ತನ್ನ ಒಂದು ಕೇಂದ್ರಕ್ಕೆ ಅವರ ಹೆಸರಿಟ್ಟಿತ್ತು.

1969ರ ಜುಲೈ 17ರಂದು, ಅಪೋಲೊ 11 ಚಂದ್ರನ ದಾರಿಯಲ್ಲಿದ್ದಾಗ, ನ್ಯೂಯಾರ್ಕ್ ಟೈಮ್ಸ್ ತನ್ನ 49 ವರ್ಷ ಹಳೆಯ ತಪ್ಪನ್ನು ಒಪ್ಪಿಕೊಂಡು ತಿದ್ದುಪಡಿ ಪ್ರಕಟಿಸಿತು. ಬ್ಯಾರೋಮೀಟರ್ ಹೊತ್ತ ರಾಕೆಟ್ ಹಾರಿ ಅಂದಿಗೆ ಸರಿಯಾಗಿ 40 ವರ್ಷ.

ಗಾಳಿಯಿಲ್ಲದೆ ರಾಕೆಟ್ ಹಾರದು ಎಂಬ ಸಂದೇಶ ಮತ್ತೆ ಬಂದರೆ, ಅದನ್ನು ಫಾರ್ವರ್ಡ್ ಮಾಡಬೇಡಿ. ತೆಪ್ಪದ ಉದಾಹರಣೆ ಹೇಳಿ. ಜೊತೆಗೆ ಗೊಡಾರ್ಡ್ ಕಥೆಯನ್ನೂ ಕಳಿಸಿ.