ವಾಸ್ಕೋ ಡ ಗಾಮನು ಇಳಿದ ದಡ ಯಾವುದು?

ಮಲ್ಪೆಯ ಬಂದರಿನಿಂದ ಕಡಲೊಳಗೆ ಸುಮಾರು 6 ಕಿಲೋಮೀಟರು ದೂರದಲ್ಲಿರುವ ಸೇಂಟ್ ಮೇರೀಸ್ ದ್ವೀಪಗಳನ್ನು ಕುರಿತು ಉಡುಪಿಯ ಕಡೆಯಲ್ಲಿ ಒಂದು ಐತಿಹ್ಯವು ಪ್ರಚಲಿತವಾಗಿದೆ. ಪೋರ್ತುಗೀಸರ ನಾವಿಕ ವಾಸ್ಕೋ ಡ ಗಾಮನು 1498ರಲ್ಲಿ ಭಾರತಕ್ಕೆ ಬಂದಾಗ ಮೊಟ್ಟಮೊದಲು ಅಲ್ಲಿಯೇ ಇಳಿದು, ಶಿಲುಬೆಯೊಂದನ್ನು ನೆಟ್ಟು, ಮೇರಿಮಾತೆಯ ಹೆಸರನ್ನಿಟ್ಟು, ಅನಂತರ ಕಲ್ಲಿಕೋಟೆಯತ್ತ ಸಾಗಿದನೆಂಬುದು ಅದರ ಸಾರಾಂಶ. ಕೇರಳದವರಾದರೋ ಕಲ್ಲಿಕೋಟೆಯಿಂದ ಉತ್ತರಕ್ಕೆ ಸುಮಾರು 16 ಕಿಲೋಮೀಟರು ದೂರದ ಕಾಪ್ಪಾಡ್ ಕರೆಯನ್ನು ತೋರಿಸುತ್ತಾರೆ. ಅವನು ಇಳಿದುದು ಅಲ್ಲಿಯೇ ಎಂದು ಸಾರುವ ಸ್ಮಾರಕ ಸ್ತಂಭವೂ ಅಲ್ಲಿದೆ. ಉಡುಪಿಯವರೂ ಮಲಬಾರಿನವರೂ ಜತೆಯಾಗಿ ದುಡಿಯುವ ಮುಂಬಯಿ, ಮದರಾಸುಗಳಂಥ ಊರುಗಳಲ್ಲಿ ಈ ಎರಡೂ ಮಾತುಗಳು ನಮ್ಮ ವಾಚಕರ ಕಿವಿಗೆ ಬಿದ್ದಿರಬಹುದು. ಒಬ್ಬನೇ ಮನುಷ್ಯನು ಮೊದಲ ಸಲ ಎರಡು ಕಡೆ ಇಳಿಯುವುದು ಸಾಧ್ಯವಿಲ್ಲ. ಆದುದರಿಂದ ಅವನ ಜೀವನವೃತ್ತಾಂತದೊಂದಿಗೆ ಈ ವಿಷಯವನ್ನೂ ಪರಿಶೀಲಿಸೋಣ.

ಇಂಥ ವಿವಾದದಲ್ಲಿ ನಾವು ಹಿಡಿಯಬೇಕಾದ ಕ್ರಮವು ಹೋಟೆಲಿನ ಗಲ್ಲಾದಲ್ಲಿ ಕುಳಿತವರಿಗೂ ಕಚೇರಿಯ ಗುಮಾಸ್ತರಿಗೂ ಹೊಸದಲ್ಲ. ಲೆಕ್ಕದಲ್ಲಿ ತಕರಾರು ಬಂದಾಗ ಆರು ತಿಂಗಳ ಮೇಲೆ ಯಾರೋ ನೆನಪಿನಿಂದ ಹೇಳಿದುದನ್ನು ನಂಬದೆ, ಆಯಾ ದಿನವೇ ಬರೆದಿಟ್ಟ ದಿನವಹಿಯನ್ನು ತೆರೆದು ನೋಡುತ್ತೇವೆ. ಗಾಮನ ಮೊದಲ ಯಾತ್ರೆಗೂ ಅಂಥ ಒಂದು ದಿನವಹಿಯುಂಟು. ಅವನ ಹಡಗುಗಳಲ್ಲಿದ್ದ ಒಬ್ಬನು ಅದನ್ನು ಬರೆದನು. ಅವನು ತನ್ನ ಹೆಸರನ್ನು ಹಾಕಿಲ್ಲ. ಆಲ್ವಾರು ವೆಲ್ಯು ಎಂಬವನಿರಬಹುದೆಂದು ವಿದ್ವಾಂಸರು ಊಹಿಸಿದ್ದಾರೆ. ಕೈಬರಹವಾಗಿಯೇ ಉಳಿದಿದ್ದ ಈ ದಿನಚರಿಯು 1838ರಲ್ಲಿ ಮೊದಲ ಬಾರಿಗೆ ಅಚ್ಚಾಯಿತು. ಅಷ್ಟರಲ್ಲಿ ಐತಿಹ್ಯಗಳು ಮುನ್ನೂರು ವರ್ಷಗಳಿಗೂ ಮಿಕ್ಕಿ ಬೆಳೆದುಬಿಟ್ಟಿದ್ದವು.

ಗಾಮನು ಪೋರ್ತುಗಾಲಿನ ನೈಋತ್ಯ ಕರಾವಳಿಯ ಸಿನೆಸ್ ಎಂಬ ಸಣ್ಣ ಊರಿನಲ್ಲಿ 1460ರ ದಶಕದಲ್ಲಿ ಹುಟ್ಟಿದನು. 1488ರಲ್ಲಿ ಬಾರ್ತೊಲೊಮೆಯು ಡಿಯಾಸನು ಆಫ್ರಿಕದ ದಕ್ಷಿಣದ ತುದಿಯನ್ನು ಬಳಸಿ ಬಂದಿದ್ದನು. ಅದೇ ದಾರಿಯಲ್ಲಿ ಮುಂದುವರಿದು ಭಾರತವನ್ನು ಮುಟ್ಟುವ ಕಾರ್ಯವನ್ನು ದೊರೆ ಮಾನುಯೆಲನು ಗಾಮನಿಗೆ ಒಪ್ಪಿಸಿದನು. 1497ರ ಜುಲೈ 8ರಂದು ನಾಲ್ಕು ಹಡಗುಗಳೂ ಸುಮಾರು 170 ಮಂದಿಯೂ ಲಿಸ್ಬನ್ ನಗರದಿಂದ ಹೊರಟರು. ಅರಬರು, ಗುಜರಾತಿಗಳು, ಮಲಬಾರಿನವರು ಶತಮಾನಗಳಿಂದಲೂ ಅರಬ್ಬೀ ಸಮುದ್ರವನ್ನು ದಾಟುತ್ತಲೇ ಇದ್ದರು. ಆದಕಾರಣ ಗಾಮನು ಭಾರತಕ್ಕೆ ಕಡಲದಾರಿಯನ್ನು ಕಂಡುಹಿಡಿದನೆಂಬ ಪಾಠಪುಸ್ತಕದ ಮಾತನ್ನು ಯುರೋಪಿನವರ ಮಟ್ಟಿಗೆ ಮಾತ್ರ ನಿಜವೆಂದು ಗ್ರಹಿಸಬೇಕು.

1498ರ ಏಪ್ರಿಲ್ ತಿಂಗಳಲ್ಲಿ ಆಫ್ರಿಕದ ಪೂರ್ವ ಕರಾವಳಿಯ ಮಾಲಿಂದಿಯನ್ನು ಅವನು ಸೇರಿದನು. ಅಲ್ಲಿಯ ಅರಸನು ಒಬ್ಬ ಮಾರ್ಗದರ್ಶಿಯನ್ನು ಕೊಟ್ಟನು. ಈತನೇ ಪ್ರಖ್ಯಾತ ಅರಬ್ ನೌಕಾಶಾಸ್ತ್ರಜ್ಞ ಇಬ್ನ್ ಮಾಜಿದ್ ಎಂಬ ಕಥೆಯು ಲೋಕಪ್ರಸಿದ್ಧವಾಗಿದೆ. ದಿನಚರಿಯಲ್ಲಿ ಆ ಹೆಸರೇ ಇಲ್ಲ. ಗಾಮನ ತರುವಾಯ ಹಲವು ದಶಕಗಳ ಮೇಲೆ ಬರೆದ ಒಂದು ಅರಬ್ಬೀ ಗ್ರಂಥದಿಂದ ಹುಟ್ಟಿದ ಈ ಮಾತನ್ನು ಇಂದಿನ ಇತಿಹಾಸಕಾರರು ಒಪ್ಪುವುದಿಲ್ಲ. ಪೋರ್ತುಗೀಸ್ ಚರಿತ್ರಕಾರ ಬಾರುಸನು ಆ ಮಾರ್ಗದರ್ಶಿಯನ್ನು ಗುಜರಾತಿನ ಮುಸಲ್ಮಾನನೆಂದು ಹೇಳಿದ್ದಾನೆ. ಆತನು ಯಾರೇ ಆಗಿರಲಿ, ಮಳೆಗಾಲದ ಗಾಳಿಯ ಮರ್ಮವನ್ನು ಬಲ್ಲವನಾಗಿದ್ದನು. ಏಪ್ರಿಲ್ 24ರಂದು ಹೊರಟ ಹಡಗುಗಳಿಗೆ ಮೇ 18ರಂದು ಮಲಬಾರಿನ ಬೆಟ್ಟಗಳು ಕಾಣಿಸಿದವು.

ಮೇ 20ರಂದು ಹಡಗುಗಳು ಕಾಪ್ಪಾಡಿನ ಮುಂದೆ ಲಂಗರು ಹಾಕಿದವು. ಮಾರ್ಗದರ್ಶಿಯು ಕಾಪ್ಪಾಡನ್ನೇ ಕಲ್ಲಿಕೋಟೆಯೆಂದು ತಪ್ಪು ತಿಳಿದುದೇ ಇದಕ್ಕೆ ಕಾರಣವೆಂದು ದಿನಚರಿಯು ಸ್ಪಷ್ಟವಾಗಿ ತಿಳಿಸುತ್ತದೆ. ಅಂದು ಗಾಮನು ದಡಕ್ಕೆ ಇಳಿಯಲಿಲ್ಲ. ಮಾರನೆಯ ದಿನ ದಡದಿಂದ ಬಂದ ದೋಣಿಗಳೊಂದಿಗೆ ಅವನು ತನ್ನ ಪರವಾಗಿ ಒಬ್ಬ ಕೈದಿಯನ್ನು ಕಲ್ಲಿಕೋಟೆಗೆ ಕಳುಹಿಸಿದನು. ಅಪರಿಚಿತ ನೆಲದಲ್ಲಿ ಮೊದಲು ಕಾಲಿಡಿಸಲು, ಪ್ರಾಣ ಹೋದರೂ ಚಿಂತೆಯಿಲ್ಲವೆಂದು, ಶಿಕ್ಷೆ ಪಡೆದವರನ್ನು ಪೋರ್ತುಗೀಸರು ಹಡಗಿನಲ್ಲಿ ತರುತ್ತಿದ್ದರು. ಆ ನೌಕಾಪಡೆಯಿಂದ ಭಾರತದ ನೆಲವನ್ನು ಮೊದಲು ಮೆಟ್ಟಿದವನು ಹೀಗೆ ಗಾಮನಲ್ಲ, ಒಬ್ಬ ಕೈದಿ. ಕಲ್ಲಿಕೋಟೆಯಲ್ಲಿ ಅವನಿಗೆ ಎದುರಾದವರು ಯುರೋಪಿನ ಭಾಷೆಗಳನ್ನು ಬಲ್ಲ, ಟ್ಯೂನಿಸಿನ ಇಬ್ಬರು ಮುಸಲ್ಮಾನ ವರ್ತಕರು! ಹೊಸ ಲೋಕವೆಂದು ಬಂದವರಿಗೆ ಆ ಪೇಟೆಯು ಅದಾಗಲೇ ಜಗತ್ತಿಗೆಲ್ಲ ಪರಿಚಿತವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಮುಂಗಾರು ಸಮೀಪಿಸಿತ್ತು. ಕಲ್ಲಿಕೋಟೆಯ ಮುಂದಿನ ಕಡಲತಳವು ಕಲ್ಲಿನಿಂದ ಕೂಡಿದ್ದು ಲಂಗರಿಗೆ ಯೋಗ್ಯವಲ್ಲವೆಂದು ಸಾಮೂದಿರಿ ಅರಸನು ಹೇಳಿಕಳುಹಿಸಿ, ಹಡಗುಗಳನ್ನು ಕಾಪ್ಪಾಡಿನಿಂದ ಇನ್ನೂ ಉತ್ತರಕ್ಕಿರುವ ಪಂತಲಾಯಿನಿ ಕೊಲ್ಲಂ ಎಂಬ ಬಂದರಿಗೆ ಒಯ್ಯಿಸಿದನು. ಇದು ಇಂದಿನ ಕೊಯಿಲಾಂಡಿಯ ಬಳಿಯಿರುವ ಸ್ಥಳ. ಮೇ 28ರಂದು ಗಾಮನು 13 ಮಂದಿಯೊಡನೆ ದಡಕ್ಕಿಳಿದುದು ಇಲ್ಲಿಯೇ. ಕೇರಳದ ಇತಿಹಾಸಕಾರ ಎಂ. ಜಿ. ಎಸ್. ನಾರಾಯಣನ್ ಅವರೂ ಈ ಅಭಿಪ್ರಾಯವನ್ನೇ ಎತ್ತಿಹಿಡಿದರು.

ಹಾಗಾದರೆ ಕಾಪ್ಪಾಡಿನ ಕಥೆಯು ಸಂಪೂರ್ಣ ಸುಳ್ಳೇ? ಹಾಗೂ ಅಲ್ಲ. ಪಂತಲಾಯಿನಿಯಿಂದ ಪಲ್ಲಕ್ಕಿಯಲ್ಲಿ ಹೊರಟ ಗಾಮನು ಕಾಪ್ಪಾಡನ್ನು ಹಾದೇ ಕಲ್ಲಿಕೋಟೆಗೆ ಹೋದನು. ಅಲ್ಲಿ ಒಬ್ಬ ಗಣ್ಯನ ಮನೆಯಲ್ಲಿ ಅವರನ್ನು ಇಳಿಸಿಕೊಂಡು, ಬೆಣ್ಣೆ ಬೆರೆಸಿದ ಅನ್ನವನ್ನೂ ಬೇಯಿಸಿದ ಒಳ್ಳೆಯ ಮೀನನ್ನೂ ಬಡಿಸಿದರು. ಜತೆಯವರು ಉಂಡರು, ಗಾಮನು ಮಾತ್ರ ಮುಟ್ಟಲಿಲ್ಲ. ಅಲ್ಲಿಂದ ಜೋಡಿಸಿ ಕಟ್ಟಿದ ದೋಣಿಗಳಲ್ಲಿ ಹೊಳೆಯ ಪ್ರಯಾಣ ಸಾಗಿತು. ದಾರಿಯಲ್ಲಿ ಒಂದು ದೇವಸ್ಥಾನವನ್ನು ಕಂಡು ಅವರು ಅದನ್ನು ಇಗರ್ಜಿಯೆಂದೇ ಭಾವಿಸಿದರು. ಒಳಗಿನ ವಿಗ್ರಹವು ಮೇರಿಮಾತೆಯದೆಂದೂ, ಗೋಡೆಗಳ ಮೇಲೆ ಬರೆದಿದ್ದ ಹಲವು ಕೈಗಳ ಮೂರ್ತಿಗಳು ಸಂತರೆಂದೂ ತಿಳಿದು ಪ್ರಾರ್ಥನೆಯನ್ನೂ ಸಲ್ಲಿಸಿದರು.

ಸಾಮೂದಿರಿಯ ಆಸ್ಥಾನದಲ್ಲಿ ಗಾಮನಿಗೆ ಗೌರವ ದೊರೆಯಿತು. ಆದರೆ ಅವನ ಕಾಣಿಕೆಗೆ ದೊರೆಯಲಿಲ್ಲ. ಕೆಲವು ಪಟ್ಟೆಬಟ್ಟೆ, ನಾಲ್ಕು ಕೆಂಪು ಕುಲಾವಿ, ಆರು ಟೋಪಿ, ಹವಳದ ಸರ, ಕೈತೊಳೆಯುವ ಬೋಗುಣಿ, ಸಕ್ಕರೆ, ಎಣ್ಣೆ, ಜೇನು — ಇವನ್ನು ಕಂಡು ಅಧಿಕಾರಿಗಳು ನಕ್ಕುಬಿಟ್ಟರು. ಮೆಕ್ಕೆಯಿಂದ ಬರುವ ಅತಿ ಬಡ ವರ್ತಕನೂ ಇದಕ್ಕಿಂತ ಹೆಚ್ಚಿನದನ್ನು ತರುತ್ತಿದ್ದನಂತೆ. ವ್ಯಾಪಾರವು ಕುದುರಲಿಲ್ಲ, ಸುಂಕದ ವಿಷಯದಲ್ಲಿ ಮನಸ್ತಾಪವಾಯಿತು. ಆಗಸ್ಟ್ 29ರಂದು ಗಾಮನು ಕೆಲವು ಮಂದಿ ಸ್ಥಳೀಯರನ್ನು ಸೆರೆಯಾಳುಗಳಾಗಿ ಹಡಗಿನಲ್ಲಿಟ್ಟುಕೊಂಡೇ ಕಲ್ಲಿಕೋಟೆಯಿಂದ ಮರಳಿ ಹೊರಟನು.

ನಮ್ಮ ಮಲ್ಪೆಯ ಪ್ರಸಂಗ ಬರುವುದು ಈಗ. ಗಾಳಿಯಿಲ್ಲದೆ ಹಡಗುಗಳು ಕರೆಯನ್ನನುಸರಿಸಿ ಉತ್ತರಕ್ಕೆ ಮೆಲ್ಲಮೆಲ್ಲನೆ ಸಾಗುತ್ತಿದ್ದವು. ಸೆಪ್ಟೆಂಬರ್ 15ರಂದು ದಡಕ್ಕೆ ಹೆಚ್ಚು ದೂರವಲ್ಲದ ಕೆಲವು ಸಣ್ಣ ದ್ವೀಪಗಳು ಸಿಕ್ಕವು. ದೊರೆಯು ಕೊಟ್ಟುಕಳುಹಿಸಿದ್ದ ಕಲ್ಲುಕಂಬಗಳಲ್ಲಿ ಸಂತ ಮೇರಿಯ ಹೆಸರಿನದನ್ನು ಅಲ್ಲಿ ನೆಟ್ಟರು. ಈ ದ್ವೀಪಗಳು ಮಲ್ಪೆಯ ಮುಂದಿನವೇ ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದುದರಿಂದ ಐತಿಹ್ಯದಲ್ಲಿ ಕಂಬದ ಮಾತು ನಿಜ, ಹೆಸರಿನ ಮಾತು ನಿಜ. ಅವನು ಮೊದಲು ಬಂದು ಇಳಿದುದು ಅಲ್ಲಿಯೇ ಎಂಬುದು ಮಾತ್ರ ನಿಜವಲ್ಲ. ಅದು ಬರುವಾಗಿನ ಸಂಗತಿಯಲ್ಲ, ಹಿಂದಿರುಗುವಾಗಿನದು.

ಆ ದಿನದ ಇನ್ನೊಂದು ವಿವರವು ನಮಗೆ ಕಂಬಕ್ಕಿಂತಲೂ ಬೆಲೆಯುಳ್ಳದ್ದಾಗಿ ತೋರುತ್ತದೆ. ದೋಣಿಗಳಲ್ಲಿ ಮೀನು ಮಾರಲು ಬಂದ ಬೆಸ್ತರಿಗೆ ಗಾಮನು ಅಂಗಿಗಳನ್ನು ಕೊಟ್ಟು, ಕಂಬ ನೆಡಲು ಒಪ್ಪಿಗೆಯೇ ಎಂದು ಕೇಳಿಸಿದನು. ಅವರು ಸಂತೋಷದಿಂದ ಒಪ್ಪಿದರೆಂದೂ, ತಾವೂ ಕ್ರೈಸ್ತರೇ ಎಂದರೆಂದೂ ದಿನಚರಿಕಾರನು ಬರೆದಿದ್ದಾನೆ. ದೇವಸ್ಥಾನವನ್ನು ಇಗರ್ಜಿಯೆಂದುಕೊಂಡವರು ಬೆಸ್ತರ ಮಾತನ್ನು ಎಷ್ಟರಮಟ್ಟಿಗೆ ಅರಿತಿದ್ದರೆಂಬುದನ್ನು ವಾಚಕರೇ ಊಹಿಸಬಹುದು. ನಮ್ಮ ಕಡಲ ಜನರು ಬಂದವರೊಡನೆ ಸ್ನೇಹದಿಂದ ನಡೆದುಕೊಂಡರೆಂಬುದು ನಿರ್ವಿವಾದ. ಅದೇ ಹೊತ್ತಿನಲ್ಲಿ ಹಡಗಿನೊಳಗೆ ಮಲಬಾರಿನ ಸೆರೆಯಾಳುಗಳು ಕುಳಿತಿದ್ದರೆಂಬುದು ಆ ಬೆಸ್ತರಿಗೆ ತಿಳಿದಿರಲಾರದು.

ಇಂದು ದ್ವೀಪಕ್ಕೆ ಹೋದವರ ಕಣ್ಸೆಳೆಯುವ ಆರುಮೂಲೆಯ ಕಲ್ಲುಕಂಬಗಳಿಗೂ ಗಾಮನಿಗೂ ಯಾವ ಸಂಬಂಧವೂ ಇಲ್ಲ. ಅವು ಭೂಗರ್ಭದಿಂದ ಹೊರಬಂದ ಲಾವಾರಸವು ಆರುವಾಗ ಬಿರಿದು ತಾನಾಗಿ ರೂಪುಗೊಂಡವು. ಭಾರತವೂ ಮಡಗಾಸ್ಕರವೂ ಬೇರ್ಪಟ್ಟ ಕಾಲದವು, ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯವು ಎಂದು ಭೂವಿಜ್ಞಾನಿಗಳು ನಿರ್ಣಯಿಸಿದ್ದಾರೆ.

ಅಲ್ಲಿಂದ ಗಾಮನು ಕಾರವಾರದ ಸಮೀಪದ ಅಂಜದೀವ ದ್ವೀಪವನ್ನು ಸೇರಿ ಹಡಗುಗಳನ್ನು ದುರಸ್ತಿಪಡಿಸಿಕೊಂಡು, ಅಕ್ಟೋಬರ್ 5ರಂದು ಹೊರಟನು. ಈಶಾನ್ಯ ಮಾರುತವು ನೆಲೆಗೊಳ್ಳುವ ಮೊದಲೇ ಹೊರಟುದರ ಫಲ ಭಯಂಕರವಾಯಿತು. ಬರುವಾಗ ಮೂರೂವರೆ ವಾರಗಳಲ್ಲಿ ದಾಟಿದ ಕಡಲು ಹೋಗುವಾಗ ಸುಮಾರು ಮೂರು ತಿಂಗಳನ್ನು ನುಂಗಿತು. ಹಸಿ ಹಣ್ಣು ತರಕಾರಿಗಳಿಲ್ಲದೆ ವಸಡು ಊದಿ 30 ಮಂದಿ ಸತ್ತರು. ದಾರಿಯಲ್ಲಿ ಗಾಮನ ಅಣ್ಣ ಪಾವ್ಲು ಕೂಡ ತೀರಿಕೊಂಡನು. 1499ರಲ್ಲಿ ಲಿಸ್ಬನ್ನಿಗೆ ಜೀವಸಹಿತ ಮರಳಿದವರು ಹೊರಟವರ ಮೂರನೆಯ ಒಂದು ಪಾಲು ಮಾತ್ರ.

1502ರಲ್ಲಿ ಅವನು ಎರಡನೆಯ ಸಲ ಬಂದಾಗ ಟೋಪಿ, ಬೋಗುಣಿಗಳನ್ನು ತರಲಿಲ್ಲ; ಫಿರಂಗಿಗಳನ್ನು ತಂದನು. ಹೊನ್ನಾವರದ ಹಡಗುಗಳನ್ನು ಸುಡಿಸಿ, ಭಟ್ಕಳದಿಂದ ಅಕ್ಕಿಯ ಕಪ್ಪವನ್ನು ಒಪ್ಪಿಸಿಕೊಂಡನೆಂದು ಗಾಸ್ಪರ್ ಕೊರೆಯಾ ಬರೆದಿದ್ದಾನೆ. ಕೊರೆಯಾ ಹಲವು ದಶಕಗಳ ಮೇಲೆ ಬರೆದವನಾದುದರಿಂದ ವಿವರಗಳನ್ನು ತೂಗಿ ನೋಡಬೇಕು. ಆದರೆ ಆ ವರ್ಷದ ಅಕ್ಟೋಬರಿನಲ್ಲಿ ಮಲಬಾರಿನ ಕಡಲಲ್ಲಿ ನಡೆದುದಕ್ಕೆ ಕಣ್ಣಾರೆ ಕಂಡವನ ಸಾಕ್ಷ್ಯವಿದೆ. ಮೆಕ್ಕಾಯಾತ್ರೆಯಿಂದ ಹಿಂದಿರುಗುತ್ತಿದ್ದ ಮೀರಿ ಎಂಬ ಹಡಗನ್ನು ಗಾಮನು ಹಿಡಿದು, ಒಳಗಿದ್ದ ನೂರಾರು ಜನರ ಸಮೇತ ಸುಡಿಸಿದನು. ಹೆಂಗಸರು ಒಡವೆಗಳನ್ನೂ ಹಸುಳೆಗಳನ್ನೂ ಎತ್ತಿ ತೋರಿಸಿ ಬೇಡಿದರೂ ಅವನು ಕರಗಲಿಲ್ಲ. ಇದನ್ನು ಬರೆದಿಟ್ಟವನು ಗಾಮನ ವೈರಿಯಲ್ಲ. ಅದೇ ನೌಕಾಪಡೆಯ ಒಂದು ಹಡಗಿನಲ್ಲಿ ಗುಮಾಸ್ತನಾಗಿದ್ದ ತೊಮೆ ಲೋಪೆಸ್.

1524ರಲ್ಲಿ ವೈಸರಾಯನಾಗಿ ಮೂರನೆಯ ಸಲ ಬಂದ ಗಾಮನು ಅದೇ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ ಮೃತನಾದನು. ಅಲ್ಲಿ ಹೂಳಿದ ಅವನ ಅವಶೇಷಗಳನ್ನು ಮುಂದೆ ಪೋರ್ತುಗಾಲಿಗೆ ಒಯ್ದರು. ಐತಿಹ್ಯವು ಅವನ ಮೂಳೆಗಳನ್ನೂ ಬಿಡಲಿಲ್ಲ. 1880ರಲ್ಲಿ ಅವನವೆಂದು ನಂಬಿ ಬೇರೆ ಯಾರದೋ ಮೂಳೆಗಳನ್ನು ಲಿಸ್ಬನ್ನಿನ ಜೆರೋನಿಮೊಸ್ ಮಠಕ್ಕೆ ಮೆರವಣಿಗೆಯಲ್ಲಿ ತಂದರು. ತಪ್ಪನ್ನು ಸರಿಪಡಿಸಿದುದು 1898ರಲ್ಲಿ.

ಹೀಗೆ ಕಾಪ್ಪಾಡು ಲಂಗರು ಹಾಕಿದ ಸ್ಥಳ, ಪಂತಲಾಯಿನಿ ಗಾಮನು ಕಾಲೂರಿದ ಸ್ಥಳ, ಮಲ್ಪೆಯ ದ್ವೀಪವು ಮರಳುವ ದಾರಿಯಲ್ಲಿ ಕಂಬ ನೆಟ್ಟ ಸ್ಥಳ. ಮೊದಲ ಇಳಿದಾಣವೆಂಬ ಪಟ್ಟವು ಕೈತಪ್ಪಿತೆಂದು ನಮ್ಮ ಕಡೆಯವರು ಮರುಗಬೇಕಾಗಿಲ್ಲ. ಮೀರಿ ಹಡಗನ್ನು ಸುಡಿಸಿದವನು ಮೊದಲು ಎಲ್ಲಿ ಇಳಿದನೆಂಬುದು ಯಾವ ಊರಿಗೂ ಹೆಗ್ಗಳಿಕೆಯ ಮಾತಲ್ಲ. ರಜೆಯಲ್ಲಿ ಊರಿಗೆ ಹೋಗಿ ಮಕ್ಕಳನ್ನು ದ್ವೀಪಕ್ಕೆ ಕರೆದೊಯ್ಯುವ ವಾಚಕರು ಗಾಮನ ಕಂಬದ ಕಥೆಯನ್ನು ಅವಶ್ಯ ಹೇಳಲಿ. ಅದರೊಂದಿಗೆ ಮೀನು ಮಾರಲು ಬಂದು ಅಪರಿಚಿತರೊಡನೆ ಸ್ನೇಹದಿಂದ ಮಾತನಾಡಿ ಹೋದ ಆ ಬೆಸ್ತರ ಕಥೆಯನ್ನೂ ಹೇಳಲಿ ಎಂದು ನಮ್ಮ ವಿನಂತಿ.