ಕಳುಹಿಸದೆ ಉಳಿದ ಪತ್ರ

ಕೋಪವು ಒಂದೇ ಕ್ಷಣದಲ್ಲಿ ಹುಟ್ಟುವದೆಂದು ನಾವು ನೆನಸುತ್ತೇವೆ. ಆದರೆ ದಿನದಿನದ ಚಿಂತೆಯೂ ಆಯಾಸವೂ ಒಣಸೌದೆಯಂತೆ ಮೊದಲೇ ಕೂಡಿಬಿದ್ದಿರುತ್ತವೆ. ಒಂದು ಮಾತು ಕಿಡಿಯಾಗಿ ತಗಲಿದರೆ ಸಾಕು, ಮನೆಯೆಲ್ಲಾ ಉರಿಯುವದು. ಇದನ್ನು ಕಷ್ಟದಿಂದ ಕಲಿತುಕೊಂಡ ಅಬ್ರಹಾಮ್ ಲಿಂಕನನ ಚರಿತ್ರೆಯನ್ನು ಈ ಸಾರಿ ಹೇಳುತ್ತೇವೆ.

ಲಿಂಕನನು 1809ನೇ ಇಸವಿ ಫೆಬ್ರವರಿ 12ರಂದು ಅಮೇರಿಕಾ ದೇಶದ ಕೆಂಟಕಿ ಸಂಸ್ಥಾನದಲ್ಲಿ, ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದನು. ಯೌವನದಲ್ಲಿ ಆತನ ಲೇಖನಿಯು ಬಹು ಹರಿತವಾಗಿತ್ತು. 1842ರಲ್ಲಿ ಆತನು ಜೇಮ್ಸ್ ಶೀಲ್ಡ್ಸ್ ಎಂಬ ಅಧಿಕಾರಿಯನ್ನು ವರ್ತಮಾನಪತ್ರಿಕೆಯಲ್ಲಿ ಹೆಸರು ಮರೆಮಾಡಿ ಪರಿಹಾಸ್ಯಮಾಡಲು, ಅವನು ರೋಷಗೊಂಡು ಆತನನ್ನು ದ್ವಂದ್ವಯುದ್ಧಕ್ಕೆ ಕರೆದನು. ಸೆಪ್ಟೆಂಬರ್ 22ರಂದು ಇಬ್ಬರೂ ಮಿಸ್ಸಿಸಿಪ್ಪಿ ನದಿಯ ದ್ವೀಪವೊಂದರಲ್ಲಿ ಕತ್ತಿಗಳೊಡನೆ ಕೂಡಿದರು. ಮಿತ್ರರು ನಡುವೆ ಬಂದು ಸಮಾಧಾನಪಡಿಸದಿದ್ದರೆ ರಕ್ತವು ಸುರಿಯುತ್ತಿತ್ತು. ಆ ಸಂಗತಿಯನ್ನು ಯಾರಾದರೂ ಎತ್ತಿದರೆ ಲಿಂಕನನು ನಾಚಿಕೊಳ್ಳುತ್ತಿದ್ದನು.

1861ರಲ್ಲಿ ಆತನು ದೇಶಾಧ್ಯಕ್ಷನಾದ ಕೆಲವೇ ವಾರಗಳಲ್ಲಿ ಅಂತರ್ಯುದ್ಧವು ಆರಂಭವಾಯಿತು. ಹಗಲೆಲ್ಲಾ ಉದ್ಯೋಗ ಬೇಡುವವರ ಗುಂಪು. ತಂತಿಯ ಮೂಲಕ ಬರುವ ಮರಣವಾರ್ತೆಗಳು. 1862ರ ಫೆಬ್ರವರಿಯಲ್ಲಿ 11 ವರುಷದ ಮಗನಾದ ವಿಲ್ಲಿಯ ಮರಣ. ಆದರೂ ಆತನು ಈ ಭಾರವನ್ನೆಲ್ಲಾ ಎದೆಯಲ್ಲಿಯೇ ಕೂಡಿಡಲಿಲ್ಲ. ಬೇಸಿಗೆಯ ಸಂಜೆಗಳಲ್ಲಿ ಪಟ್ಟಣದ ಗದ್ದಲವನ್ನು ಬಿಟ್ಟು, ಸುಮಾರು 3 ಮೈಲು ದೂರದ ಗುಡ್ಡದ ಮೇಲಿದ್ದ ಮನೆಗೆ ಹೋಗುವನು. ಹಾಸ್ಯದ ಕಥೆಗಳನ್ನೋದಿ ನಗುವನು. 1862ರ ಸೆಪ್ಟೆಂಬರ್ 22ರಂದು, ದಾಸರ ಬಿಡುಗಡೆಯ ಘೋಷಣೆಯನ್ನು ಮಂತ್ರಿಗಳ ಮುಂದಿಡುವದಕ್ಕೆ ಮೊದಲು, ಅವರಿಗೆ ಒಂದು ನಗೆಗಥೆಯನ್ನು ಓದಿಹೇಳಿದನು. ದ್ವಂದ್ವಯುದ್ಧದ ದಿನಕ್ಕೆ ಅಂದಿಗೆ ಸರಿಯಾಗಿ 20 ವರುಷ.

1863ರ ಜುಲೈ ಮೊದಲಲ್ಲಿ ಸೇನಾಪತಿಯಾದ ಮೀಡನು ಗೆಟಿಸ್ಬರ್ಗಿನಲ್ಲಿ ಜಯಿಸಿದನು. ಆದರೆ ಸೋತ ಶತ್ರುಸೇನೆಯು ಪೊಟೋಮಾಕ್ ನದಿಯನ್ನು ದಾಟಿ ತಪ್ಪಿಸಿಕೊಂಡಿತು. ಜುಲೈ 14ರಂದು ಈ ಸುದ್ದಿ ತಲಪಿದಾಗ ಲಿಂಕನನ ಮನಸ್ಸು ಕುದಿಯಿತು. ಕೈಗೆ ಸಿಕ್ಕಿದ ಶತ್ರುವನ್ನು ಬಿಟ್ಟದ್ದರಿಂದ ಯುದ್ಧವು ಇನ್ನೂ ಬೆಳೆಯುವದೆಂದು ಮೀಡನಿಗೆ ಕಠಿಣವಾದ ಪತ್ರವನ್ನು ಬರೆದನು. ಬರೆದನು, ಆದರೆ ಸಹಿಹಾಕಲಿಲ್ಲ, ಕಳುಹಿಸಲೂ ಇಲ್ಲ. ಹಾಗೆಂದು ಲಕೋಟೆಯ ಮೇಲೆ ಗುರುತುಮಾಡಿ, ಅದನ್ನು ತನ್ನ ಕಾಗದಗಳಲ್ಲಿ ಇಟ್ಟುಬಿಟ್ಟನು. ಮೀಡನು ತನ್ನ ಸೇನೆಯನ್ನು ಯುದ್ಧದ ಅಂತ್ಯದ ವರೆಗೆ ನಡಿಸಿದನು. 1865ನೇ ಏಪ್ರಿಲ್ 15ರಂದು, ಘಾತಕನ ಗುಂಡಿನಿಂದ ಲಿಂಕನನು ಮೃತಿಹೊಂದಿದನು.

ಆತನಿಗೆ ಕೋಪವೇ ಬರಲಿಲ್ಲವೆಂದು ನಾವು ಹೇಳುವದಿಲ್ಲ. ಅದು ಇನ್ನೊಬ್ಬನಿಗೆ ತಗಲುವ ಮುಂಚೆ ಅದಕ್ಕೆ ಒಂದು ತಂಗುವ ಸ್ಥಳವನ್ನು ಆತನು ಮಾಡಿಕೊಟ್ಟನು. ಹೊಲದಿಂದ ದಣಿದು, ಸಾಲದ ಚಿಂತೆಯನ್ನು ಹೊತ್ತು ಮನೆಗೆ ಬರುವ ನಾವು, ಹೆಂಡತಿ ಮಕ್ಕಳ ಮೇಲೆ ಕೂಗುವದಕ್ಕೆ ಮೊದಲು ಬಾವಿಕಟ್ಟೆಯಲ್ಲಿ ಕೈಕಾಲು ತೊಳೆದು, ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತರೆ ಏನು ನಷ್ಟ? ಆಡದ ಮಾತನ್ನು ನಾಳೆಯೂ ಆಡಬಹುದು. ಆಡಿದ್ದನ್ನು ಹಿಂದಕ್ಕೆ ತಕ್ಕೊಳ್ಳಲಾಗದು.