ಪಕ್ಷಿದ್ವೀಪದ ಕವಿಯೂ ಚಿತ್ರಕಾರ ಗಗನೇಂದ್ರನಾಥರೂ

ರವೀಂದ್ರನಾಥ ಠಾಕೂರರ ಭಾವಚಿತ್ರವನ್ನು ಕಾಣದ ವಿದ್ಯಾವಂತರು ವಿರಳ. ನೀಳವಾದ ಗಡ್ಡ, ಇಳಿಬಿದ್ದ ನಿಲುವಂಗಿ, ಪ್ರಶಾಂತವಾದ ದೃಷ್ಟಿ: ಋಷಿಸದೃಶವಾದ ಆ ಮೂರ್ತಿ ಶಾಲೆಯ ಗೋಡೆಗಳಿಂದಲೇ ನಮಗೆ ಪರಿಚಿತ. ಆದರೆ 1925ರ ಸುಮಾರಿನಲ್ಲಿ, ಕವಿಯ ಮನೆತನದವರೇ ಆದ ಕಲಾವಿದರೊಬ್ಬರು ಜಲವರ್ಣದಲ್ಲಿ ಬೇರೊಬ್ಬ ರವೀಂದ್ರರನ್ನು ಚಿತ್ರಿಸಿದರು. ಪಕ್ಷಿಗಳ ದ್ವೀಪದಲ್ಲಿರುವ ಕವಿ ಎಂಬುದು ಆ ಚಿತ್ರದ ವಸ್ತು. ಕ್ಯೂಬಿಸಂ ಎಂಬ ಘನಾಕೃತಿ ಪಂಥದ ರೀತಿ ಅದರದು. ಬರೆದವರು ಗಗನೇಂದ್ರನಾಥ ಠಾಕೂರರು.

ಅವರು 1867ರ ಸೆಪ್ಟೆಂಬರ್ 18ರಂದು ಕಲ್ಕತ್ತೆಯ ಜೋಡಾಸಾಂಕೊದಲ್ಲಿ ಜನಿಸಿದರು. ವರಸೆಯಲ್ಲಿ ರವೀಂದ್ರರು ಅವರಿಗೆ ಚಿಕ್ಕಪ್ಪ. ವಯಸ್ಸಿನಲ್ಲಿ ಮಾತ್ರ ಆರೇ ವರ್ಷ ಹಿರಿಯರು. ತಮ್ಮ ಅವನೀಂದ್ರನಾಥರು ವಂಗೀಯ ಚಿತ್ರಕಲೆಯ ಆಚಾರ್ಯರಾದರು. ನಮ್ಮ ಮೈಸೂರಿನ ಕೆ. ವೆಂಕಟಪ್ಪನವರು ಅವರ ಶಿಷ್ಯರೆಂಬುದನ್ನು ಇಲ್ಲಿ ಸ್ಮರಿಸಬಹುದು. ಅಣ್ಣನಿಗಾದರೋ ಶಿಷ್ಯಮಂಡಲಿಯಿರಲಿಲ್ಲ, ಹಿಡಿದ ಒಂದೇ ಮಾರ್ಗವೂ ಇರಲಿಲ್ಲ. ಜಪಾನಿನ ಒಕಾಕುರ ಅವರು 1902ರಲ್ಲಿ ಕಲ್ಕತ್ತೆಗೆ ಬಂದರು. ಅವರ ಹಿಂದೆಯೇ ಬಂದ ತೈಕಾನ್ ಮೊದಲಾದ ಚಿತ್ರಕಾರರ ತೆಳುವರ್ಣದ ಲೇಪನವನ್ನು ಗಗನೇಂದ್ರರು ಮನವಿಟ್ಟು ನೋಡಿದರು. 1907ರಲ್ಲಿ ಪ್ರಾಚ್ಯ ಕಲಾ ಸಂಘದ ಸ್ಥಾಪನೆಯಲ್ಲಿ ಸೋದರರಿಬ್ಬರೂ ಪಾಲ್ಗೊಂಡರು. 1912ರಲ್ಲಿ ರವೀಂದ್ರರ ‘ಜೀವನಸ್ಮೃತಿ’ಗೆ ಗಗನೇಂದ್ರರು ಚಿತ್ರಗಳನ್ನು ಬರೆದುಕೊಟ್ಟರು. 1917ರಲ್ಲಿ ‘ಅದ್ಭುತ ಲೋಕ’, ‘ವಿರೂಪ ವಜ್ರ’ಗಳೆಂಬ ವ್ಯಂಗ್ಯಚಿತ್ರ ಸಂಪುಟಗಳು ಹೊರಬಿದ್ದುವು. ಆಂಗ್ಲರ ಅನುಕರಣೆಯಲ್ಲಿ ಬೀಗುತ್ತಿದ್ದ ಬಾಬುಗಳನ್ನು ಅವರು ಅಲ್ಲಿ ನಿರ್ದಾಕ್ಷಿಣ್ಯವಾಗಿ ಗೇಲಿ ಮಾಡಿದ್ದಾರೆ.

ಅನುಕರಣೆಯನ್ನು ಹೀಗೆ ಹಳಿದವರ ಮೇಲೆಯೇ ಮುಂದೆ ಅನುಕರಣೆಯ ಆರೋಪ ಬಂದದ್ದು ವಿಧಿಯ ವಿಡಂಬನೆ. 1922ರ ಹೊತ್ತಿಗೆ ಅವರು ಘನಾಕೃತಿಗಳತ್ತ ತಿರುಗಿದ್ದರು. ಸ್ಟೆಲ್ಲಾ ಕ್ರಾಮ್‌ರಿಷ್ ಎಂಬ ವಿದುಷಿ ಅದೇ ವರ್ಷ ‘ರೂಪಂ’ ಪತ್ರಿಕೆಯಲ್ಲಿ ಅವರನ್ನು ಭಾರತೀಯ ಕ್ಯೂಬಿಸ್ಟರೆಂದು ಪರಿಚಯಿಸಿದರು. ಡಿಸೆಂಬರ್‌ನಲ್ಲಿ ಕಲ್ಕತ್ತೆಯಲ್ಲಿ ನಡೆದ ಪ್ರದರ್ಶನದಲ್ಲಿ ಜರ್ಮನಿಯ ಬೌಹೌಸ್ ಶಾಲೆಯ ಕ್ಲೀ, ಕಾಂಡಿನ್‌ಸ್ಕಿಯವರ ಕೃತಿಗಳ ಜೊತೆಯಲ್ಲಿಯೇ ಅವರ ಚಿತ್ರಗಳೂ ಇದ್ದುವು. ಆದರೆ 1959ರಲ್ಲಿ ವಿಮರ್ಶಕ ಡಬ್ಲ್ಯು. ಜಿ. ಆರ್ಚರ್ ಇವನ್ನು ಪಿಕಾಸೋನ ಸತ್ವಹೀನ ಅನುಸರಣೆಯೆಂದು ತಳ್ಳಿಹಾಕಿದರು.

ಈ ತೀರ್ಪು ನ್ಯಾಯವೆ? ಪ್ಯಾರಿಸಿನಲ್ಲಿ ಪಿಕಾಸೋ ಮತ್ತು ಬ್ರಾಕ್ ತೈಲವರ್ಣದಲ್ಲಿ ವಸ್ತುವನ್ನು ಒಡೆದದ್ದು, ಅದರ ಘನತ್ವವನ್ನು ಎಲ್ಲ ಮಗ್ಗುಲಿಂದಲೂ ಏಕಕಾಲಕ್ಕೆ ಅರಿಯುವುದಕ್ಕಾಗಿ. ಗಗನೇಂದ್ರರು ಒಡೆದದ್ದು ವಸ್ತುವನ್ನಲ್ಲ, ಬೆಳಕನ್ನು. ಜಲವರ್ಣದ ಪಾರದರ್ಶಕತೆಯಲ್ಲಿ ಕೋನಗಳು ಒಂದರೊಳಗೊಂದು ಕರಗುತ್ತವೆ. ಕಥೆ ಮಾತ್ರ ಕರಗದೆ ಉಳಿಯುತ್ತದೆ. ಪಂಥದ ಶಾಸ್ತ್ರದಿಂದ ಅಳೆದರೆ ಇದು ಲೋಪ. ಕಲಾವಿದನ ಉದ್ದೇಶದಿಂದ ಅಳೆದರೆ ಇದೇ ಸಿದ್ಧಿ.

ಆ ಕಾಲವನ್ನೂ ನೆನೆಯಬೇಕು. 1921ರಲ್ಲಿ ವಿಶ್ವಭಾರತಿಯನ್ನು ಸ್ಥಾಪಿಸಿದ ಕವಿ, ಅಸಹಕಾರದ ವಿಚಾರದಲ್ಲಿ ಗಾಂಧೀಜಿಯವರೊಡನೆ ಭಿನ್ನಾಭಿಪ್ರಾಯ ತಳೆದಿದ್ದರು; 1925ರಲ್ಲಿ ಚರಕದ ಬಗೆಗೂ ತಮ್ಮ ಸಂದೇಹವನ್ನು ಬರೆದು ಪ್ರಕಟಿಸಿದರು. ಲೋಕವೆಲ್ಲ ಪೂಜಿಸುತ್ತಿದ್ದ ವ್ಯಕ್ತಿ ಸ್ವದೇಶದಲ್ಲಿ ಒಂಟಿಯಾಗಿದ್ದ ದಿನಗಳವು. ಆಗ ಅವರನ್ನು ಮನುಷ್ಯರ ನಡುವೆ ನಿಲ್ಲಿಸದೆ ಹಕ್ಕಿಗಳ ದ್ವೀಪದಲ್ಲಿ ನಿಲ್ಲಿಸಿದ್ದು ಬರಿಯ ಅದ್ಭುತಕಲ್ಪನೆಯೆಂದು ನನಗೆ ತೋರುವುದಿಲ್ಲ. ಹತ್ತಿರದಿಂದ ಬಲ್ಲವನೊಬ್ಬ ಆ ಏಕಾಂತಕ್ಕೆ ಸಲ್ಲಿಸಿದ ಗೌರವ ಅದು.

1930ರಲ್ಲಿ ಗಗನೇಂದ್ರರಿಗೆ ಪಾರ್ಶ್ವವಾಯು ಬಡಿಯಿತು, ಕುಂಚ ಕೈಬಿಟ್ಟಿತು. ಅದೇ ವರ್ಷ ಪ್ಯಾರಿಸಿನಲ್ಲಿ ರವೀಂದ್ರರ ಚಿತ್ರಗಳ ಪ್ರಥಮ ಪ್ರದರ್ಶನ ನಡೆಯಿತು. ಮನೆಯ ಚಿತ್ರಕಾರ ಮೌನಿಯಾದಾಗ ಕವಿ ಚಿತ್ರಕಾರನಾಗಿದ್ದನು. 1938ರ ಫೆಬ್ರವರಿ 14ರಂದು ಗಗನೇಂದ್ರರು ತೀರಿಕೊಂಡರು. ಗೋಡೆಯ ಮೇಲಣ ಋಷಿಯನ್ನು ಬಲ್ಲ ನಾವು, ದ್ವೀಪದ ಆ ಕವಿಯನ್ನೂ ಒಮ್ಮೆ ನಿಂತು ನೋಡುವುದು ಉಚಿತ.